ಪೆಟ್ರೋಲ್ ಕುಡಿಯದ ಕಾರು

“ಒಂದು ಲಾಭವೂ ಆಗಿದೆ. ಈಚೆಗೆ ಈ ಕಾರು ಪೆಟ್ರೋಲ್ ಕುಡಿಯುವುದನ್ನೇ ಬಿಟ್ಟಿದೆ” ಎಂದು ಪಕ್ಕದ ಮನೆಯಾಕೆ ನನ್ನ ಕೈಗೆ ಚಹಾ ಕೊಟ್ಟು ಒಳಗೆ ಹೋದರು. ಶನಿವಾರ ಕೇಳಿದ ಈ ಮಾತು ಇವತ್ತಿಗೂ ನನ್ನ ತಲೆಯಿಂದ ಇಳಿದಿಲ್ಲ.

ಕಾರು ನಮ್ಮ ಪಕ್ಕದ ಮನೆಯ ಯಜಮಾನರದು. ಟ್ರಯಂಫ್ ಸ್ಪಿಟ್‌ಫೈರ್ 1500, ಎರಡೇ ಸೀಟು, ಮಡಚುವ ಬಟ್ಟೆಯ ಮಾಡು. ನಾವಿರುವ ಇಂಗ್ಲೆಂಡಿನ ಈ ಕವೆಂಟ್ರಿಯ ಕ್ಯಾನ್ಲಿಯಲ್ಲೇ 1980ರವರೆಗೂ ತಯಾರಾಗುತ್ತಿದ್ದ ಗಾಡಿ. ಇದರ ಬಾನೆಟ್ ಮಡ್‌ಗಾರ್ಡುಗಳನ್ನೂ ಸೇರಿಸಿಕೊಂಡು ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಆರಾಮವಾಗಿ ಕುಳಿತು ಇಂಜಿನ್ ನೋಡಬಹುದು. ಸ್ಟ್ಯಾಂಡರ್ಡ್ ಹೆರಾಲ್ಡ್ ಕಂಡ ತಲೆಮಾರಿನವರಿಗೆ ಈ ವೈಭವ ನೆನಪಿರಬಹುದು. ಮದ್ರಾಸಿನಲ್ಲಿ ತಯಾರಾಗಿ ನಮ್ಮ ಮೈಸೂರಿನ ಬೀದಿಗಳಲ್ಲೂ ಓಡಾಡಿದ ಆ ಹೆರಾಲ್ಡ್‌ನ ಚಾಸಿಯನ್ನೇ ಮೊಟಕು ಮಾಡಿ ಸ್ಪಿಟ್‌ಫೈರ್ ಕಟ್ಟಿದ್ದು. ಹಾಗಾಗಿ ನನಗೆ ಇದರ ಮೇಲೆ ಸ್ವಲ್ಪ ದಾಯಾದಿ ಹಕ್ಕು.

ಬೇಸಿಗೆ ಶುರುವಾದಾಗಿನಿಂದ ಟೆಂಪರೇಚರ್ ಮುಳ್ಳು ಮನೆಯ ತಿರುವು ದಾಟುವಷ್ಟರಲ್ಲಿ ಕೆಂಪಿಗೆ ಹೋಗುತ್ತಿತ್ತು. ಯಜಮಾನರಿಗೆ ಒಬ್ಬ ಗೆಳೆಯರಿದ್ದಾರೆ. ಕಾರನ್ನು ನೋಡದೆಯೇ ಕಾಯಿಲೆ ಹೇಳುವ ಜಾತಿ. ಅವರ ಅಪ್ಪಣೆಯ ಮೇರೆಗೆ ಮೊದಲು ಥರ್ಮೋಸ್ಟಾಟ್ (ನೀರು ಕಾದಾಗ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಕವಾಟ) ಬದಲಾಯಿತು, ಆಮೇಲೆ ವಾಟರ್ ಪಂಪು, ಆಮೇಲೆ ರೇಡಿಯೇಟರು. ಮುಳ್ಳು ಜಗ್ಗಲಿಲ್ಲ. ಇನ್ನು ಇಂಜಿನ್ನಿನ ತಲೆಭಾಗ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಲೇಬೇಕು ಎಂಬ ತೀರ್ಪೂ ಬಂದಿತ್ತು. ಇಂಥವರ ಧೈರ್ಯ ನೋಡಿ ನನಗೆ ಅಸೂಯೆಯಾಗುತ್ತದೆ. ಖರ್ಚು ಬೇರೆಯವರದಾದರೆ ಧೈರ್ಯಕ್ಕೇನು ಬರ?

ನಾನು ಹೋದಾಗ ಇಂಜಿನ್ ಓಡುತ್ತಿತ್ತು. ಗ್ಯಾಸ್ಕೆಟ್ ಸುಟ್ಟಿದ್ದರೆ ನೀರು ಕಡಿಮೆಯಾಗಬೇಕು, ಪಕ್ಕದ ಬಾಟಲಿಯಲ್ಲಿ ಗುಳ್ಳೆ ಏಳಬೇಕು, ಸೈಲೆನ್ಸರಿನಿಂದ ಬಿಳಿ ಹೊಗೆ ಬರಬೇಕು. ಒಂದೂ ಇಲ್ಲ. ಥರ್ಮೋಸ್ಟಾಟ್ ಕೂತಿರುವ ಅಲ್ಯೂಮಿನಿಯಂ ಮುಚ್ಚಳದ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ ನನ್ನ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಹೊಳೆಯುವ ಲೋಹದ ಮೇಲೆ ನೇರವಾಗಿ ಹಿಡಿದರೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. 84 ಡಿಗ್ರಿ ಬಂತು. ಥರ್ಮೋಸ್ಟಾಟ್ ತೆರೆದುಕೊಳ್ಳುವುದೇ 82ಕ್ಕೆ. ಇಂಜಿನ್ ತನ್ನ ಪಾಡಿಗೆ ಸುಖವಾಗಿದೆ, ಮುಳ್ಳು ಮಾತ್ರ ಕೂಗಿಕೊಳ್ಳುತ್ತಿದೆ. ಸೆನ್ಸರ್ ಹಾಳಾಗಿರಬೇಕು ಎಂದುಕೊಳ್ಳುತ್ತಿರುವಾಗಲೇ ಆಕೆ ಚಹಾ ತಂದದ್ದು, ಆ ಮಾತು ಹೇಳಿದ್ದು.

ಒಳಗೆ ಬಗ್ಗಿ ಪೆಟ್ರೋಲ್ ಮುಳ್ಳನ್ನು ನೋಡಿದೆ. ಅರ್ಧದ ಆಸುಪಾಸಿನಲ್ಲಿ ನಿಂತಿತ್ತು. “ಯಾವಾಗ ತುಂಬಿಸಿದಿರಿ?” ಎಂದರೆ ಯಜಮಾನರು ಆಕಾಶ ನೋಡಿದರು. ತೆಳುವಾದ ಕೋಲೊಂದನ್ನು ಟ್ಯಾಂಕಿಗೆ ಇಳಿಸಿ ತೆಗೆದರೆ ತುದಿಯಲ್ಲಿ ನಾಲ್ಕು ಬೆರಳಿನಷ್ಟೂ ಒದ್ದೆಯಿಲ್ಲ.

ಎರಡು ಮುಳ್ಳುಗಳು ಒಟ್ಟಿಗೆ ಮೇಲೇರಿದವೆಂದರೆ ಎರಡಕ್ಕೂ ಒಂದೇ ಮೂಲ. ಸ್ಪೀಡೋಮೀಟರಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ತಗಡಿನ ಡಬ್ಬಿ ಇರುತ್ತದೆ, ವೋಲ್ಟೇಜ್ ಸ್ಟೆಬಿಲೈಜರ್. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿ, ಅದಕ್ಕೆ ಸುತ್ತಿದ ತಂತಿ. ತಂತಿ ಕಾದಾಗ ಪಟ್ಟಿ ಬಾಗಿ ಸಂಪರ್ಕ ತಪ್ಪುತ್ತದೆ, ಆರಿದಾಗ ಮತ್ತೆ ಕೂಡುತ್ತದೆ. ಹೀಗೆ ಬಿಟ್ಟು ಬಿಟ್ಟು ಕೊಟ್ಟ ವಿದ್ಯುತ್ತಿನ ಸರಾಸರಿ 10 ವೋಲ್ಟ್. ಮುಳ್ಳುಗಳೂ ನಿಧಾನದವು, ಆ ಏರಿಳಿತ ಅವಕ್ಕೆ ತಿಳಿಯುವುದೇ ಇಲ್ಲ. ಆದರೆ ಡಬ್ಬಿಗೆ ಅರ್ಥಿಂಗ್ ತಪ್ಪಿದರೆ ತಂತಿ ಕಾಯುವುದಿಲ್ಲ, ಸಂಪರ್ಕ ಬಿಡುವುದಿಲ್ಲ. ಆಲ್ಟರ್ನೇಟರ್ ಕೊಡುವ ವೋಲ್ಟೇಜ್ ಪೂರ್ತಿ ಮುಳ್ಳುಗಳಿಗೇ ಹೋಗುತ್ತದೆ. ಮಲ್ಟಿಮೀಟರ್ ಇಟ್ಟರೆ ಅಲುಗಾಡದ 13.9. ಡಬ್ಬಿಯನ್ನು ಹಿಡಿದಿದ್ದ ಸ್ಕ್ರೂ ಬಿಚ್ಚಿದೆ, ಅದರ ಕೆಳಗೆ ಹಸಿರು ಕಿಲುಬು. ಉಜ್ಜುಕಾಗದದಿಂದ ತಿಕ್ಕಿ ಬಿಗಿದ ಮೇಲೆ ಮೀಟರಿನ ಅಂಕಿ ಹಾರಿ ಇಳಿಯತೊಡಗಿತು, ಒಂದೆರಡು ನಿಮಿಷದಲ್ಲಿ ಎರಡೂ ಮುಳ್ಳುಗಳು ಕೆಳಗೆ ಬಂದವು. ಟೆಂಪರೇಚರ್ ಅರ್ಧಕ್ಕೆ. ಪೆಟ್ರೋಲ್ ಕಾಲು ಭಾಗಕ್ಕೆ. ಯಜಮಾನರ ಮುಖ ಎರಡನೆಯದರ ಜೊತೆ ಇಳಿಯಿತು.

ನನ್ನನ್ನು ಕಾಡುತ್ತಿರುವುದು ಸ್ಕ್ರೂ ಅಲ್ಲ. ಒಂದೇ ಡಬ್ಬಿ ಎರಡು ಸುಳ್ಳು ಹೇಳಿಸುತ್ತಿತ್ತು. ಕೆಟ್ಟ ಸುದ್ದಿಗಾಗಿ ರೇಡಿಯೇಟರ್ ಬದಲಾಯಿತು, ಗೆಳೆಯರ ಪಂಚಾಯಿತಿ ನಡೆಯಿತು. ಒಳ್ಳೆಯ ಸುದ್ದಿಯನ್ನು ಮಾತ್ರ ಯಾರೂ ಪ್ರಶ್ನಿಸಲಿಲ್ಲ, ಲಾಭದ ಖಾತೆಗೆ ಬರೆದುಕೊಂಡರು. ಐವತ್ತು ವರ್ಷದ ಕಾರು ಪೆಟ್ರೋಲ್ ಕುಡಿಯುವುದನ್ನು ಬಿಟ್ಟಿತು ಎಂಬುದನ್ನು ನಂಬಲು ಎಷ್ಟು ಪ್ರೀತಿ ಬೇಕು! ಆಕೆಯಾದರೂ ಅದನ್ನು ಬಾಯಿ ಬಿಟ್ಟು ಹೇಳಿದರು. ಹೇಳದಿದ್ದರೆ ಪಾಪದ ಇಂಜಿನ್ ಈ ವಾರ ತುಂಡು ತುಂಡಾಗಿ ಷೆಡ್ಡಿನ ನೆಲದ ಮೇಲಿರುತ್ತಿತ್ತು.

ಹೊಸ ಕಾರುಗಳಲ್ಲಿ ಈ ರಗಳೆಯೇ ಇಲ್ಲ. ಅವುಗಳ ಮುಳ್ಳನ್ನು ಕಂಪ್ಯೂಟರ್ ನಡೆಸುತ್ತದೆ. ಎಷ್ಟೋ ಮಾದರಿಗಳಲ್ಲಿ ನೀರು 80 ಡಿಗ್ರಿ ಇರಲಿ, 105 ಇರಲಿ, ಮುಳ್ಳು ನಟ್ಟನಡುವೆ ಅಲುಗದೆ ನಿಂತಿರುತ್ತದೆ. ಸ್ವಲ್ಪ ಅಲುಗಿದರೂ ಗಿರಾಕಿಗಳು ಗಾಬರಿಯಾಗಿ ಗ್ಯಾರೇಜಿಗೆ ಓಡುತ್ತಾರೆಂದು ಮಾಡಿದ ಏರ್ಪಾಡು ಅದು. ನನ್ನ ವೃತ್ತಿಯೂ ಇದೇ ವ್ಯವಹಾರದ್ದಾದ್ದರಿಂದ ಹೆಚ್ಚು ಬಯ್ಯುವಂತಿಲ್ಲ. ಆದರೆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮ ಎಂದಿನಂತೆ “ನಾವೆಲ್ಲ ಚೆನ್ನಾಗಿದ್ದೇವೆ ಕಣಪ್ಪ, ನೀನು ಊಟ ಮಾಡಿದೆಯಾ?” ಎಂದರು. ಮಂಡಿನೋವಿದ್ದಾಗಲೂ ಇದೇ ಉತ್ತರ, ಅಪ್ಪ ಆಸ್ಪತ್ರೆಯಲ್ಲಿದ್ದ ವಾರವೂ ಇದೇ ಉತ್ತರ. ನಟ್ಟನಡುವಿನ ಮುಳ್ಳು. ನಾನೂ ಅದನ್ನು ಒಮ್ಮೆಯೂ ಕೆದಕಿದವನಲ್ಲ, ಅದು ನನಗೂ ಅನುಕೂಲ. ಈ ಸಲ ಮಾತ್ರ, “ಅಪ್ಪನ ಬಿಪಿ ಎಷ್ಟಿದೆ? ಪುಸ್ತಕ ನೋಡಿ ಹೇಳು” ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. “ನಿನಗೇಕೆ ಈಗ ಅದೆಲ್ಲ?” ಎಂದು ಗದರಿದರು. ಆಮೇಲೆ ಕನ್ನಡಕ ಹುಡುಕಿ ಓದಿ ಹೇಳಿದರು. ಜಾಸ್ತಿಯೇ ಇತ್ತು, ಬುಧವಾರ ಡಾಕ್ಟರು ಮಾತ್ರೆ ಬದಲಿಸಿದ್ದಾರೆ.

ಇತ್ತ ಯಜಮಾನರಿಗೆ ಈಗ ಯಾವ ಮುಳ್ಳಿನ ಮೇಲೂ ವಿಶ್ವಾಸವಿಲ್ಲ. ಅದು ಸರಿಯೇ ಎಂದು ನಾನೇ ಇನ್ನಷ್ಟು ಉಪ್ಪು ಸುರಿದೆ: ನೀರೆಲ್ಲ ಸೋರಿಹೋದರೆ ಸೆನ್ಸರ್ ಬರೀ ಗಾಳಿಯಲ್ಲಿ ಉಳಿಯುತ್ತದೆ, ಆಗ ಇಂಜಿನ್ ಬೇಯುತ್ತಿದ್ದರೂ ಮುಳ್ಳು ತಣ್ಣಗಿದೆ ಎಂದೇ ತೋರಿಸಬಹುದು ಎಂದೆ. ಅಂದಿನಿಂದ ಅಂಗಡಿಗೆ ಹೋಗಿ ಬಂದರೂ ಬಾನೆಟ್ ಮಗುಚಿ, ಆ ಕಪ್ಪು ಟೇಪಿನ ಮೇಲೆ ಡಿಗ್ರಿ ಅಳೆಯುತ್ತಾರೆ. ಥರ್ಮಾಮೀಟರ್ ನನ್ನದು. ವಾಪಸ್ ಕೇಳುವುದು ಹೇಗೆಂದು ತಿಳಿಯುತ್ತಿಲ್ಲ.