ಸರ್ಟಿಫಿಕೇಟ್ ರಿನ್ಯೂ ಆಗಿದೆ, ಸೈಟ್ ಮಾತ್ರ ತೆರೆಯುತ್ತಿಲ್ಲ

ತಿಪಟೂರಿನ ಕೊಬ್ಬರಿ ಮಂಡಿಗೂ ವೆಬ್‌ಸೈಟ್ ಇದೆ, ತುಮಕೂರಿನ ಕೋಚಿಂಗ್ ಸೆಂಟರಿಗೂ ಇದೆ, ಶಿರಾದ ಕಲ್ಯಾಣ ಮಂಟಪಕ್ಕೂ ಇದೆ. ಇವನ್ನೆಲ್ಲ ನೋಡಿಕೊಳ್ಳುವುದು ಸಾಮಾನ್ಯವಾಗಿ ಒಬ್ಬರೇ ಹುಡುಗ ಅಥವಾ ಹುಡುಗಿ. ಅಂಥವರಿಗಾಗಿ ಈ ಬರಹ. ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸಿ ಸಂಪರ್ಕವನ್ನು ಗುಪ್ತವಾಗಿಡುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಹಾಕುವುದು ಹತ್ತು ನಿಮಿಷದ ಕೆಲಸ. ತೊಂದರೆ ಶುರುವಾಗುವುದು ಮೂರು ತಿಂಗಳಾದ ಮೇಲೆ.

ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುತ್ತಾ ಬಂದಿರುವ ಸರ್ಟಿಫಿಕೇಟಿಗೆ 90 ದಿನ ಆಯಸ್ಸು. ದುಡ್ಡು ಕೊಟ್ಟು ತಂದರೂ ಇನ್ನು ವರ್ಷಗಟ್ಟಲೆ ನೆಮ್ಮದಿಯಿಲ್ಲ: 2026ರ ಮಾರ್ಚ್ 15ರಿಂದ ಗರಿಷ್ಠ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47. ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್ ಕೂಡ 2025ರ ಜೂನ್‌ನಲ್ಲಿ ನಿಂತಿದೆ. ಕ್ಯಾಲೆಂಡರ್ ನೋಡಿ ಕೈಯಲ್ಲಿ ರಿನ್ಯೂ ಮಾಡುವ ಪದ್ಧತಿಯನ್ನು ಇಂದೇ ಬಿಟ್ಟುಬಿಡಿ.

ಉಬುಂಟು ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ (ಸೈಟ್‌ನ ಪುಟಗಳನ್ನು ಕಳಿಸುವ ತಂತ್ರಾಂಶ) ಇದ್ದರೆ, ಸರ್ಟಿಫಿಕೇಟ್ ತಂದು ರಿನ್ಯೂ ಮಾಡುವ ಸರ್ಟ್‌ಬಾಟನ್ನು ಸ್ನ್ಯಾಪ್ ಎಂಬ ಪ್ಯಾಕೇಜ್ ವ್ಯವಸ್ಥೆಯ ಮೂಲಕ ಹಾಕಿಕೊಳ್ಳಿ. ಡೊಮೇನ್ ಹೆಸರನ್ನು ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಸಹಿತ ಒಮ್ಮೆ, ಇಲ್ಲದೆ ಒಮ್ಮೆ, ಎರಡೂ ಕೊಡಿ. ಒಂದನ್ನು ಮರೆತರೆ ಆ ವಿಳಾಸದಲ್ಲಿ ಬಂದವರಿಗೆ ಹೆಸರು ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಕಾಣುತ್ತದೆ. ಆಮೇಲೆ ಸರ್ಟ್‌ಬಾಟ್‌ನ ಟೈಮರ್ ರಿನ್ಯೂ ಬೇಕೇ ಎಂದು ದಿನಕ್ಕೆ ಎರಡು ಸಲ ತಾನೇ ಪರೀಕ್ಷೆ ಮಾಡುತ್ತದೆ.

ಇಷ್ಟಾದರೂ ಒಂದು ದಿನ ಫೋನ್ ಬರುತ್ತದೆ. ಸರ್ವರ್‌ನಲ್ಲಿ ನೋಡಿದರೆ ಫೈಲ್‌ನ ದಿನಾಂಕ ಹೊಸದು, ಬ್ರೌಸರ್‌ನಲ್ಲಿ ನೋಡಿದರೆ ಹಳೆಯದು. ಎಂಜಿನ್‌ಎಕ್ಸ್ ಶುರುವಾದಾಗ ಓದಿಕೊಂಡ ಸರ್ಟಿಫಿಕೇಟನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ರಿಲೋಡ್ ಮಾಡುವ ತನಕ ಹೊಸ ಫೈಲನ್ನು ಮುಟ್ಟುವುದಿಲ್ಲ. ಸರ್ಟ್‌ಬಾಟ್‌ನ ಎಂಜಿನ್‌ಎಕ್ಸ್ ಪ್ಲಗಿನ್ ಬಳಸಿದ್ದರೆ ಅದೇ ರಿಲೋಡ್ ಮಾಡುತ್ತದೆ. ವೆಬ್‌ರೂಟ್ ವಿಧಾನದಲ್ಲಿ (ಸೈಟ್‌ನ ಫೋಲ್ಡರ್‌ನಲ್ಲಿ ಪರಿಶೀಲನೆಯ ಫೈಲ್ ಇಟ್ಟು) ಪಡೆದಿದ್ದರೆ ಡಿಪ್ಲಾಯ್ ಹುಕ್‌ನಲ್ಲಿ, ಅಂದರೆ ರಿನ್ಯೂ ಆದ ಮೇಲೆ ಓಡುವ ಆಜ್ಞೆಯ ಜಾಗದಲ್ಲಿ, ರಿಲೋಡ್ ಆಜ್ಞೆಯನ್ನು ನೀವೇ ಬರೆಯಬೇಕು. ಡ್ರೈ ರನ್ (ರಿನ್ಯೂವಿನ ತಾಲೀಮು) ಸಲೀಸಾಗಿ ಮುಗಿಯಿತೆಂದು ನಂಬಿ ಕೂರಬೇಡಿ, ಡ್ರೈ ರನ್‌ನಲ್ಲಿ ಈ ಹುಕ್ ತಾನಾಗಿ ಓಡುವುದಿಲ್ಲ. ಅದನ್ನು ಬೇರೆಯಾಗಿ ಓಡಿಸಿ ನೋಡಿ. ಸರ್ಟ್‌ಬಾಟ್ ಸರ್ಟಿಫಿಕೇಟ್ ಇಡುವ ಲೈವ್ ಫೋಲ್ಡರ್‌ನಿಂದ ಫೈಲನ್ನು ಇನ್ನೊಂದು ಕಡೆ ನಕಲು ಮಾಡಿಟ್ಟವರಿಗೂ ಇದೇ ಗತಿ: ಮೂಲ ಬದಲಾಗುತ್ತದೆ, ನಕಲು ಹಾಗೇ ಉಳಿಯುತ್ತದೆ.

ಕಂಪ್ಯೂಟರ್‌ನಲ್ಲಿ ಸೈಟ್ ಚೆನ್ನಾಗಿ ತೆರೆದು ಕೆಲವು ಮೊಬೈಲ್ ಆ್ಯಪ್‌ಗಳಲ್ಲಿ ಮಾತ್ರ ದೋಷ ತೋರಿದರೆ, ಫುಲ್‌ಚೈನ್ ಫೈಲ್ ಇರಬೇಕಾದ ಕಡೆ ಬರೀ ಸರ್ಟ್ ಫೈಲ್ ಕೊಟ್ಟಿದ್ದೀರಾ ನೋಡಿ. ನಿಮ್ಮ ಸರ್ಟಿಫಿಕೇಟನ್ನು ಬ್ರೌಸರ್ ನಂಬುವ ಮೂಲಕ್ಕೆ ಜೋಡಿಸುವ ನಡುವಿನ ಸರ್ಟಿಫಿಕೇಟ್ ಫುಲ್‌ಚೈನ್‌ನಲ್ಲಿ ಮಾತ್ರ ಇರುತ್ತದೆ. ಅದು ಇಲ್ಲದಿದ್ದರೆ ಅನೇಕ ಬ್ರೌಸರ್‌ಗಳು ತಾವೇ ಹುಡುಕಿ ತರುತ್ತವೆ, ಹಲವು ಆ್ಯಪ್‌ಗಳು ತರುವುದಿಲ್ಲ.

ಭದ್ರತೆಗೆಂದು 80ನೇ ಪೋರ್ಟ್ ಮುಚ್ಚುವುದು ಬಹಳ ಜನ ಮಾಡುವ ತಪ್ಪು. ಡೊಮೇನ್ ನಿಮ್ಮದೇ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಮಾಡುವ ಎಚ್‌ಟಿಟಿಪಿ ಪರಿಶೀಲನೆ ಅದೇ ಬಾಗಿಲಿಂದ ಬರುತ್ತದೆ. ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರಿಗೆ ಸರ್ವರ್ ವಿಳಾಸ ಹೇಳುವ ಪಟ್ಟಿ) ಹಳೆಯ ಹೋಸ್ಟಿಂಗ್‌ನ ಐಪಿವಿ6 ವಿಳಾಸ ಉಳಿದಿದ್ದರೂ ಪರಿಶೀಲನೆ ಅಲ್ಲಿಗೇ ಹೋಗಿ ಸೋಲಬಹುದು. ಸೋತಾಗ ಮತ್ತೆ ಮತ್ತೆ ಒತ್ತಬೇಡಿ. ಒಂದು ಹೆಸರಿಗೆ ಗಂಟೆಗೆ 5 ಸಲ ಸೋತರೆ ತಡೆ ಬೀಳುತ್ತದೆ. ಅದೇ ಹೆಸರುಗಳ ಸರ್ಟಿಫಿಕೇಟ್ 7 ದಿನಕ್ಕೆ 5 ಮಾತ್ರ.

ಆಫೀಸಿನಲ್ಲೇ ಸರ್ವರ್ ಇಟ್ಟವರ ಕಥೆ ಬೇರೆ. ಫೈಬರ್ ಬ್ರಾಡ್‌ಬ್ಯಾಂಡ್‌ನಲ್ಲಿ ಒಂದೇ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದರೆ ಹೊರಗಿನಿಂದ 80ನೇ ಪೋರ್ಟ್ ತಲುಪುವುದೇ ಇಲ್ಲ. ಆಗ ಡಿಎನ್‌ಎಸ್ ಪರಿಶೀಲನೆಯೇ ದಾರಿ. ಅದಕ್ಕೆ ಬೇಕಾದ ಟಿಎಕ್ಸ್‌ಟಿ ದಾಖಲೆಯನ್ನು (ಡಿಎನ್‌ಎಸ್‌ನಲ್ಲಿ ಹಾಕುವ ಪಠ್ಯ ಸಾಲು) ಡಿಎನ್‌ಎಸ್ ಸೇವೆ ಕೊಡುವ ಎಪಿಐ ಟೋಕನ್ ಎಂಬ ಗುಪ್ತ ಕೀಲಿಯ ಮೂಲಕ ಸರ್ಟ್‌ಬಾಟೇ ಬರೆಯುವಂತೆ ಮಾಡಿ. ಆ ಟೋಕನ್‌ಗೆ ಒಂದೇ ಡೊಮೇನಿನ ಅಧಿಕಾರ ಸಾಕು.

ಅಂಥ ಯಂತ್ರದಲ್ಲಿ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಲೆಟ್ಸ್ ಎನ್‌ಕ್ರಿಪ್ಟ್‌ನ ಸರ್ವರ್ ಸರ್ಟಿಫಿಕೇಟೇ ಇನ್ನೂ ಜಾರಿಗೆ ಬಂದಿಲ್ಲವೆಂದು ಸರ್ಟ್‌ಬಾಟ್ ಸಂಪರ್ಕವನ್ನು ಕಡಿಯುತ್ತದೆ. ಸಿಆರ್2032 ಸೆಲ್ ಬದಲಿಸಿ, ಸಮಯ ಇಂಟರ್ನೆಟ್‌ನಿಂದ ಹೊಂದಿಕೊಳ್ಳುವಂತೆ ಮಾಡಿ, ಆಮೇಲೆ ಡ್ರೈ ರನ್ ಕೊಡಿ.