ಮೇಣದ ಬ್ಲಾಕ್ ಜೋಪಾನ

ಬಯಾಪ್ಸಿಯಲ್ಲಿ ಶ್ವಾಸಕೋಶದ ಅಡಿನೋಕಾರ್ಸಿನೋಮಾ (ಒಂದು ಬಗೆಯ ಕ್ಯಾನ್ಸರ್) ಎಂದು ಬಂದ ಮೇಲೂ ಒಂದು ಪ್ರಶ್ನೆ ಉಳಿದಿರುತ್ತದೆ: ಜೀವಕೋಶಗಳ ಬೆಳವಣಿಗೆಗೆ ಸೂಚನೆ ಕೊಡುವ ಇಜಿಎಫ್‌ಆರ್ ಜೀನ್ ಗೆಡ್ಡೆಯಲ್ಲಿ ಬದಲಾಗಿದೆಯೇ? ಆ ಜೀನ್‌ನ ಎಕ್ಸಾನ್ 19 ಎಂಬ ಭಾಗದಲ್ಲಿ ತುಣುಕು ಬಿಟ್ಟುಹೋಗಿದ್ದರೆ, ಇಲ್ಲವೇ ಎಕ್ಸಾನ್ 21ರಲ್ಲಿ ಎಲ್858ಆರ್ ಎಂಬ ಬದಲಾವಣೆ ಇದ್ದರೆ, ಒಸಿಮರ್ಟಿನಿಬ್‌ನಂಥ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಕ್ಸಾನ್ 20ರಲ್ಲಿ ಹೆಚ್ಚುವರಿ ತುಣುಕು ಸೇರಿಕೊಂಡಿದ್ದರೆ ಅದೇ ಮಾತ್ರೆ ಸಾಮಾನ್ಯವಾಗಿ ನಾಟುವುದಿಲ್ಲ.

ಈ ಜೀನ್ ಪರೀಕ್ಷೆ ಕೆಡುವುದು ಬಹಳ ಸಲ ಮೆಷಿನ್‌ನಲ್ಲಲ್ಲ, ಸ್ಯಾಂಪಲ್‌ನಲ್ಲಿ. ಬಯಾಪ್ಸಿಯ ತುಣುಕು, ಅದನ್ನು ಕೆಡದಂತೆ ಇಡುವ 10% ಬಫರ್ಡ್ ಫಾರ್ಮಲಿನ್ ದ್ರಾವಣದಲ್ಲಿ 6ರಿಂದ 48 ಗಂಟೆ ಇದ್ದರೆ ಸರಿ. ವಾರಗಟ್ಟಲೆ ಬಿಟ್ಟರೆ ಡಿಎನ್‌ಎ ಚೂರುಚೂರು. ಮೂಳೆಯಿಂದ ತೆಗೆದ ತುಣುಕನ್ನು ಪ್ರಬಲ ಆಸಿಡ್‌ನಲ್ಲಿ ಮೆದು ಮಾಡಿದರಂತೂ ಮುಗಿಯಿತು. ಆಸಿಡ್ ಬದಲು, ಮೂಳೆಯನ್ನು ನಿಧಾನವಾಗಿ ಮೆದು ಮಾಡುವ ಇಡಿಟಿಎ ಬಳಸಿ ಎಂದು ಲ್ಯಾಬಿಗೆ ಮೊದಲೇ ತಿಳಿಸಬೇಕು. ರಕ್ತದಲ್ಲೂ ಪರೀಕ್ಷೆ ಮಾಡಬಹುದು, ಆದರೆ ಅಲ್ಲಿ ನೆಗೆಟಿವ್ ಬಂದರೆ ಬದಲಾವಣೆ ಇಲ್ಲವೆಂದಲ್ಲ. ಗೆಡ್ಡೆ ರಕ್ತಕ್ಕೆ ಸಾಕಷ್ಟು ಡಿಎನ್‌ಎ ಬಿಟ್ಟಿರದೇ ಇರಬಹುದು.

ವರದಿಗೆ ಕಾಯುವ ದಿನಗಳು ಮನೆಯವರಿಗೆ ನಿಜಕ್ಕೂ ಭಾರ. ಆದರೂ ಆ ಅವಸರದಲ್ಲಿ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಶುರುಮಾಡುವುದು ಬೇಡ: ಅದರ ಬೆನ್ನಿಗೇ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶದಲ್ಲಿ ತೀವ್ರ ಉರಿಯೂತದ ಅಪಾಯ ಹೆಚ್ಚು. ಕಾಯಲಾಗದಷ್ಟು ತೊಂದರೆಯಿದ್ದರೆ, ಮೊದಲ ಸುತ್ತು ಬರೀ ಕೀಮೋ ಕೊಟ್ಟು ವರದಿ ನೋಡುವ ದಾರಿಯಿದೆ, ವೈದ್ಯರನ್ನು ಕೇಳಿ. ಆಸ್ಪತ್ರೆ ಬದಲಿಸುವಾಗ ಸ್ಲೈಡ್ ಮಾತ್ರವಲ್ಲ, ಬಯಾಪ್ಸಿಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ.