ಖಾಲಿ ಲಿಸ್ಟಿನ ಪುಟ ಎಲ್ಲಿದೆ?

ನನ್ನ ಕಪಾಟಿನಲ್ಲಿ 14 ಪ್ರೋಗ್ರಾಮಿಂಗ್ ಪುಸ್ತಕಗಳಿವೆ. ಕೊನೆಯ ಪುಟದವರೆಗೆ ಓದಿದ್ದು ಮೂರೇ ಮೂರು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹೊರಟಾಗ ಕೈಗೆ ಸಿಕ್ಕಿದ್ದು ಹಳೆಯದೊಂದು ಪುಸ್ತಕ. ಮೊದಲ ಪಾಠದಲ್ಲಿದ್ದ, ಪರದೆ ಮೇಲೆ ಅಕ್ಷರ ಮೂಡಿಸುವ ಪ್ರಿಂಟ್ ಸಾಲನ್ನು ಇದ್ದ ಹಾಗೇ ಟೈಪ್ ಮಾಡಿದೆ. ಎರರ್! 2008ರಲ್ಲಿ ಬಂದ ಪೈಥಾನ್ 3ರಲ್ಲಿ ಪ್ರಿಂಟ್‌ಗೆ ಬ್ರಾಕೆಟ್ ಬೇಕೇ ಬೇಕು. ಪುಸ್ತಕ ಅದಕ್ಕೂ ಹಿಂದಿನದು. ಹೋಗಲಿ, ಪುಸ್ತಕಕ್ಕೂ ವಯಸ್ಸಾಗುತ್ತದೆ ಅಲ್ವಾ? ವರ್ಷ ನೋಡದೆ ಓದಲು ಕೂತದ್ದು ನನ್ನದೇ ಪೆದ್ದುತನ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಹೆಚ್ಚಿನ ಪುಸ್ತಕಗಳು ಸರಿಯಾಗಿ ಓಡುವ ಕೋಡನ್ನಷ್ಟೇ ತೋರಿಸುತ್ತವೆ, ಎಲ್ಲಿ ಎಡವುತ್ತೇವೆ ಅಂತ ಹೇಳುವುದಿಲ್ಲ. ಫಂಕ್ಷನ್‌ನ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಂಡು) ಡಿಫಾಲ್ಟ್ ಆರ್ಗ್ಯುಮೆಂಟ್, ಅಂದರೆ ಕರೆಯುವಾಗ ನಾವೇನೂ ಕೊಡದಿದ್ದರೆ ಅದು ಬಳಸಿಕೊಳ್ಳುವ ಬೆಲೆಯ ಬಗ್ಗೆ ಅರ್ಧ ಪುಟ ಓದಿ, ಡಿಫಾಲ್ಟ್ ಆಗಿ ಒಂದು ಖಾಲಿ ಲಿಸ್ಟ್ ಕೊಟ್ಟೆ. ಮೊದಲ ಸಲ ಕರೆದಾಗ ಅದಕ್ಕೆ ‘ಪೆನ್ನು’ ಸೇರಿತು. ಎರಡನೇ ಸಲ ‘ಕತ್ತರಿ’ ಸೇರಿಸಲು ಹೋದರೆ ಪೆನ್ನು ಆಗಲೇ ಒಳಗೆ ಕೂತಿದೆ! ಎರಡು ಸಂಜೆ ತಲೆ ಕೆಡಿಸಿಕೊಂಡೆ. ಕಾರಣ ಇಷ್ಟೇ: ಆ ಲಿಸ್ಟ್ ಹುಟ್ಟುವುದು ಫಂಕ್ಷನ್ ಅನ್ನು ಹುಟ್ಟಿಸುವ ಡೆಫ್ ಸಾಲು ಓಡಿದಾಗ, ಒಂದೇ ಸಲ. ಆಮೇಲೆ ಎಷ್ಟು ಸಲ ಕರೆದರೂ ಅದೇ ಲಿಸ್ಟ್. ಫಂಕ್ಷನ್ ಒಳಗೆ ಹೊಸದು ಮಾಡಿಕೊಂಡರೆ ಮುಗಿಯಿತು. ಹೇಳಲು ಮೂರು ಸಾಲು ಸಾಕಿತ್ತು. ‘ನೆಕ್ಸ್ಟ್ ಒತ್ತಿ’ ಎನ್ನುವ ಇನ್‌ಸ್ಟಾಲೇಶನ್ ಚಿತ್ರಗಳಿಗೆ ಮಾತ್ರ ಇಪ್ಪತ್ತು ಪುಟ ಇತ್ತು.

ಹಾಗಾಗಿ ಈಗ ಪೈಥಾನ್ ಪುಸ್ತಕ ಕಂಡರೆ ಮುನ್ನುಡಿ ಓದುವುದಿಲ್ಲ. ನೇರ ಫಂಕ್ಷನ್ ಅಧ್ಯಾಯಕ್ಕೆ ಹೋಗಿ ಈ ಖಾಲಿ ಲಿಸ್ಟಿನ ವಿಷಯ ಹೇಳಿದ್ದಾರಾ ಅಂತ ಹುಡುಕುತ್ತೇನೆ. ಸಿ ಎಂಬ ಇನ್ನೊಂದು ಭಾಷೆಯ ಪುಸ್ತಕವಾದರೆ, ಟೈಪ್ ಮಾಡಿದ ಸಾಲನ್ನು ಓದಿಕೊಳ್ಳುವ ಗೆಟ್ಸ್ ಹುಡುಕುತ್ತೇನೆ. ಬರುವ ಸಾಲು ಎಷ್ಟುದ್ದ, ಜಾಗ ಇದೆಯಾ ಅಂತ ನೋಡದೆ ಸುಮ್ನೆ ತುಂಬುತ್ತಾ ಹೋಗುವ ಫಂಕ್ಷನ್ ಅದು. 2011ರ ಸಿ ಸ್ಟ್ಯಾಂಡರ್ಡ್‌ನಲ್ಲಿ ಅದನ್ನು ಕಿತ್ತೇ ಹಾಕಿದರು. ಆಮೇಲೂ ಅದನ್ನೇ ಕಲಿಸುವ ಪುಸ್ತಕವನ್ನು ತೆಗೆದಲ್ಲೇ ಇಡುತ್ತೇನೆ.

ನನಗೆ ಏನೂ ಗೊತ್ತಿಲ್ಲದ ವಿಷಯವಾದರೆ ಈ ಉಪಾಯ ನಡೆಯುವುದಿಲ್ಲ. ಆಗ ಲೇಖಕರು ತಮ್ಮ ಪುಸ್ತಕದಲ್ಲಿನ ತಪ್ಪುಗಳ ಪಟ್ಟಿ ಹಾಕಿದ್ದಾರಾ ಅಂತ ನೋಡುತ್ತೇನೆ. ಅದು ಉದ್ದ ಇದ್ದಷ್ಟೂ ನನಗೆ ನಂಬಿಕೆ ಜಾಸ್ತಿ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿದವರಿಗೆ 2.56 ಡಾಲರ್ ಚೆಕ್ ಕಳಿಸುತ್ತಿದ್ದರು. 256 ಸೆಂಟ್ ಅಂದರೆ ಹೆಕ್ಸಾಡೆಸಿಮಲ್‌ನಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆಯುವ ಸಂಖ್ಯಾಪದ್ಧತಿ) ಸರಿಯಾಗಿ 100.

ಪೂರ್ತಿ ಓದಿದ ಆ ಮೂರರಲ್ಲಿ ಒಂದರ ರಟ್ಟು ಕಿತ್ತುಹೋಗಿದೆ. ಪ್ರತಿ ಅಧ್ಯಾಯದ ಕೊನೆಗೆ ಓಡದ ಕೋಡ್ ಒಂದಿರುತ್ತದೆ, ಯಾಕೆ ಓಡುವುದಿಲ್ಲ ಅಂತ ನಾವೇ ಹೇಳಬೇಕು. ಉತ್ತರ ಎಲ್ಲೂ ಕೊಟ್ಟಿಲ್ಲ. ಏಳನೇ ಅಧ್ಯಾಯದ್ದು ನನಗೆ ಇವತ್ತಿಗೂ ಹೊಳೆದಿಲ್ಲ.